ಅಮ್ಮನ ಕವರಿನಲ್ಲಿ ಏಳು ಬಗೆಯ ಮಾತ್ರೆ: ಯಾವುದು ಇರಲಿ, ಯಾವುದು ಬೇಡ?

ಪ್ರಶ್ನೆ: ನಮ್ಮದು ಕಾಪು ಹತ್ತಿರ. ಅಮ್ಮನಿಗೆ 62 ವರ್ಷ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದಾರೆ. ಆರೇಳು ವರ್ಷದಿಂದ ಎರಡೂ ಮೊಣಕಾಲು, ಸೊಂಟ ನೋವು. ಈಗ ಒಂದು ವರ್ಷದಿಂದ ರಾತ್ರಿ ಪಾದ ಉರಿ. ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಇದೆ. ನೋವಿಗೆ ನಾಲ್ಕು ವರ್ಷದಿಂದ ಮೆಡಿಕಲ್‌ನಿಂದ ತಂದ ಅಸಿಕ್ಲೋಫೆನಾಕ್-ಪ್ಯಾರಾಸಿಟಮಾಲ್ ದಿನಕ್ಕೆ ಎರಡು, ಜೊತೆಗೆ ಒಂದು ಗ್ಯಾಸ್ ಮಾತ್ರೆ. ಆರು ತಿಂಗಳ ಹಿಂದೆ ಮೂಳೆ ಡಾಕ್ಟರ್ ಪ್ರಿಗಾಬಾಲಿನ್-ನಾರ್ಟ್ರಿಪ್ಟಿಲಿನ್ ಕೊಟ್ಟರು. ಆಮೇಲೆ ಇನ್ನೊಬ್ಬರು ಟ್ರಮಡಾಲ್-ಪ್ಯಾರಾಸಿಟಮಾಲ್ ದಿನಕ್ಕೆ ಎರಡು ಬರೆದರು. ತಡೆಯದೇ ಇದ್ದಾಗ ಡೋಲೋ 650 ಕೂಡ ನುಂಗುತ್ತಾರೆ. ಹೋದ ತಿಂಗಳು ಬಚ್ಚಲಲ್ಲಿ ತಲೆತಿರುಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ನೋವು ಮಾತ್ರ ಇದ್ದಲ್ಲೇ ಇದೆ. ಮಾತ್ರೆ ಬಿಟ್ಟರೆ ನೋವು, ತಿಂದರೆ ಕಿಡ್ನಿ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಯಾವುದನ್ನು ಬಿಡಿಸಲಿ? ಬೀಡಿ ಕಟ್ಟುವುದನ್ನೂ ನಿಲ್ಲಿಸಬೇಕಾ?

ಉತ್ತರ: ಅಸಿಕ್ಲೋಫೆನಾಕ್ ಇರುವ ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಾಗಿಲ್ಲ, ಒಮ್ಮೆಲೇ ಬಿಡಬಹುದು. ಉಳಿದ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬಿಪಿ, ಶುಗರ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಪ್ರಿಗಾಬಾಲಿನ್, ಟ್ರಮಡಾಲ್ ಎರಡನ್ನೂ ಒಂದೇ ಏಟಿಗೆ ಬಿಟ್ಟರೆ ನಿದ್ದೆ ಹಾರಿಹೋಗುವುದು, ಬೆವರು, ಚಡಪಡಿಕೆ, ಭೇದಿ ಶುರುವಾಗುತ್ತದೆ. ಕೆಲವರಿಗೆ ಫಿಟ್ಸ್ ಬಂದದ್ದೂ ಉಂಟು. ಈ ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಪರೀಕ್ಷೆ), ಸೋಡಿಯಂ, ಪೊಟ್ಯಾಶಿಯಂ, ಹಿಮೋಗ್ಲೋಬಿನ್, ಬಿ12, ಮೂರು ತಿಂಗಳ ಸರಾಸರಿ ಶುಗರ್ (HbA1c) ಮತ್ತು ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. ರಿಪೋರ್ಟ್, ಅಮ್ಮ, ಮಾತ್ರೆಯ ಕವರ್, ಮೂರನ್ನೂ ಒಟ್ಟಿಗೆ ಒಬ್ಬರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರೇ ಅಂದದ್ದನ್ನು ಗಮನಿಸಿ. ನಿಮ್ಮ ಅಮ್ಮನಿಗೆ ಮಾತ್ರೆ ಕೊಟ್ಟವರು ಕಡಿಮೆ ಅಂದರೂ ನಾಲ್ಕು ಕಡೆಯವರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇಲ್ಲ.

ನನ್ನ ಮಂಗಳೂರಿನ ಕ್ಲಿನಿಕ್‌ಗೆ ಬರುವವರಲ್ಲಿ ಇದು ದಿನನಿತ್ಯದ ಕಥೆ. ಜವಳಿ ಅಂಗಡಿಯ ಕವರ್ ಒಂದನ್ನು ಮೇಜಿನ ಮೇಲೆ ಸುರಿಯುತ್ತಾರೆ. ಅರ್ಧಕ್ಕೆ ಕತ್ತರಿಸಿದ ಮಾತ್ರೆಯ ಪಟ್ಟಿಗಳು. ಒಂದರಲ್ಲಿ ಹೆಸರು ಇರುವ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ, ಇನ್ನೊಂದರಲ್ಲಿ ತಾರೀಕು ಇರುವ ಭಾಗ. ಎರಡು ಬೇರೆ ಬೇರೆ ಬಣ್ಣದ ಪಟ್ಟಿ ತಿರುಗಿಸಿ ನೋಡಿದರೆ ಒಳಗೆ ಒಂದೇ ಔಷಧ. ಪಟ್ಟಿಯ ಹಿಂಬದಿ ಒಂದು ಉದ್ದದ ಕೆಂಪು ಗೆರೆ ಇರುತ್ತದೆ ಅಲ್ವಾ? ಅದಿದ್ದರೆ ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳುವ ಮಾತ್ರೆ ಅದಲ್ಲ ಅಂತ ಅರ್ಥ. ಅಸಿಕ್ಲೋಫೆನಾಕ್ ಪಟ್ಟಿಯ ಮೇಲೂ ಆ ಗೆರೆ ಇದೆ. ಯಾರೂ ನೋಡುವುದಿಲ್ಲ.

ಈಗ ಕಿಡ್ನಿಯ ವಿಷಯಕ್ಕೆ ಬರೋಣ. ಇಲ್ಲಿ ಹೆದರಿಸುವವರ ಮಾತು ಅರ್ಧ ಸರಿ. ಪ್ಯಾರಾಸಿಟಮಾಲ್ ಒಂದು ಜಾತಿ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್, ಎಟೋರಿಕಾಕ್ಸಿಬ್ ಇವೆಲ್ಲ ಇನ್ನೊಂದು ಜಾತಿ. ಕಿಡ್ನಿಗೆ ಕಾಟ ಕೊಡುವುದು ಈ ಎರಡನೆಯ ಜಾತಿ. ಗಟ್ಟಿಮುಟ್ಟಾದ ಮನುಷ್ಯ ಹಲ್ಲುನೋವಿಗೆ ಮೂರು ದಿನ ತಿಂದರೆ ಹೆದರುವಂಥದ್ದೇನಿಲ್ಲ. ಆದರೆ ನಿಮ್ಮ ಅಮ್ಮನ ಲೆಕ್ಕ ಬೇರೆ.

ಕಿಡ್ನಿಯೊಳಗೆ ರಕ್ತ ಸೋಸುವ ಜಾಗಕ್ಕೆ ಒಂದು ಒಳದಾರಿ, ಒಂದು ಹೊರದಾರಿ ಇದೆ. ಒಳದಾರಿ ಅಗಲವಾಗಿ, ಹೊರದಾರಿ ಸ್ವಲ್ಪ ಬಿಗಿಯಾಗಿ ಇದ್ದರೆ ಮಧ್ಯೆ ಒತ್ತಡ ನಿಲ್ಲುತ್ತದೆ, ಸೋಸುವ ಕೆಲಸ ಆಗುತ್ತದೆ. ಅಸಿಕ್ಲೋಫೆನಾಕ್ ಒಳದಾರಿಯನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರದಾರಿಯನ್ನು ಸಡಿಲ ಮಾಡುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಇಳಿಸುತ್ತದೆ. ಬಾವಿಯಲ್ಲಿ ನೀರು ಕಡಿಮೆ, ಪಂಪಿನ ಪೈಪ್ ಅರ್ಧ ಮುಚ್ಚಿದೆ, ಟ್ಯಾಂಕಿನ ನಲ್ಲಿ ಪೂರ್ತಿ ತೆರೆದಿದೆ. ಟ್ಯಾಂಕ್ ತುಂಬುವುದು ಹೇಗೆ? ಟೆಲ್ಮಿಸಾರ್ಟನ್ ತಾನೇ ಕೆಟ್ಟದ್ದಲ್ಲ. ಶುಗರ್ ಇರುವವರ ಕಿಡ್ನಿಗೆ ಅದು ಒಳ್ಳೆಯ ಮಾತ್ರೆ. ಮೂರೂ ಒಟ್ಟಿಗೆ ಸೇರಿದ್ದೇ ತೊಂದರೆ. ಇದರ ಮೇಲೆ ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆ. ಫ್ಯಾನ್ ಹಾಕಿದರೆ ಹೊಗೆಸೊಪ್ಪಿನ ಪುಡಿ ಹಾರುತ್ತದೆ ಅಂತ ಫ್ಯಾನ್ ಆಫ್ ಮಾಡಿ ಬೆವರುತ್ತಾ ಕೂತವರನ್ನು ನಾನೇ ಕಂಡಿದ್ದೇನೆ. ಎರಡು ದಿನ ವಾಂತಿ-ಭೇದಿ ಆದರಂತೂ ಕಿಡ್ನಿ ದಿಢೀರನೆ ಕೈಕೊಡಬಹುದು. ಅಂಥ ದಿನ ಬಿಪಿ ಮಾತ್ರೆ, ಮೆಟ್‌ಫಾರ್ಮಿನ್ ಏನು ಮಾಡಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಇಲ್ಲಿ ಒಂದು ಪಕ್ಕದ ಕಥೆ. ನಮ್ಮ ದೇಶದಲ್ಲಿ ರಣಹದ್ದುಗಳು ಕಾಣೆಯಾದದ್ದು ಯಾಕೆ ಗೊತ್ತಾ? ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್‌ನಿಂದ. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಗುಂಪು ಗುಂಪಾಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮನುಷ್ಯ ಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೂ ಈ ಜಾತಿಯ ಮಾತ್ರೆಯನ್ನು ನಾಲ್ಕು ವರ್ಷ ದಿನವೂ ಪೆಪ್ಪರ್‌ಮಿಂಟಿನಂತೆ ನುಂಗುವವರನ್ನು ಕಂಡಾಗ ನನಗೆ ಆ ಹದ್ದುಗಳು ನೆನಪಾಗುತ್ತವೆ.

"ಗ್ಯಾಸ್ ಮಾತ್ರೆ ಜೊತೆಗೆ ತಿಂತಾರಲ್ಲ" ಅಂತ ನೀವು ಕೇಳಬಹುದು. ಗ್ಯಾಸ್ ಮಾತ್ರೆ ಹೊಟ್ಟೆಯ ಹುಣ್ಣನ್ನು ತಡೆಯುತ್ತದೆ. ಕಿಡ್ನಿಯನ್ನು ಕಾಯುವುದಿಲ್ಲ, ಬಿಪಿ ಏರುವುದನ್ನೂ ತಡೆಯುವುದಿಲ್ಲ. ಅಸಿಕ್ಲೋಫೆನಾಕ್ ನಿಂತ ಮೇಲೆ ಅದರ ಅಗತ್ಯ ಇದೆಯಾ ಅಂತಲೂ ಕೇಳಿ. ಏಳರಲ್ಲಿ ಎರಡು ಹಾಗೆಯೇ ಕಡಿಮೆಯಾಗಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಕಿಡ್ನಿಯ ಭಯ ಅಲ್ಲ, ಬಚ್ಚಲಲ್ಲಿ ಬಿದ್ದದ್ದು. ಅವೆರಡಕ್ಕೂ ನಂಟಿರಬಹುದು. ಪ್ರಿಗಾಬಾಲಿನ್ ಮೈಯಿಂದ ಹೊರಗೆ ಹೋಗುವುದು ಹೆಚ್ಚುಕಡಿಮೆ ಪೂರ್ತಿ ಕಿಡ್ನಿಯ ಮೂಲಕ. ಕಿಡ್ನಿ ನಿಧಾನವಾದರೆ ಅದು ಒಳಗೇ ಉಳಿಯುತ್ತದೆ. ನುಂಗಿದ್ದು ಒಂದು ಮಾತ್ರೆ, ಮೈಗೆ ಅದು ಎರಡಾಗಿ ತಟ್ಟುತ್ತದೆ. ಅಂದರೆ ಒಂದು ನೋವಿನ ಮಾತ್ರೆ ಕಿಡ್ನಿಯನ್ನು ಕುಗ್ಗಿಸಿದೆ, ಕುಗ್ಗಿದ ಕಿಡ್ನಿ ಇನ್ನೊಂದು ನೋವಿನ ಮಾತ್ರೆಯನ್ನು ಜಾಸ್ತಿ ಮಾಡಿದೆ, ಅದರಿಂದ ತಲೆತಿರುಗಿದೆ. ಹೀಗೂ ಆಗಿರಬಹುದು. ಟ್ರಮಡಾಲ್ ಇದಕ್ಕೆ ಇನ್ನಷ್ಟು ಮಂಪರು ಸೇರಿಸುತ್ತದೆ. ನಾರ್ಟ್ರಿಪ್ಟಿಲಿನ್ ಎದ್ದು ನಿಂತಾಗ ಬಿಪಿ ಇಳಿಸುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಸೋಡಿಯಂ ಇಳಿಸಬಹುದು, ಟ್ರಮಡಾಲ್ ಕೂಡ. ಸೋಡಿಯಂ ಇಳಿದರೂ ತಲೆ ತೇಲಿದ ಹಾಗಾಗುತ್ತದೆ. ಅದಕ್ಕೇ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಸೋಡಿಯಂ ಅನ್ನೂ ಬರೆದೆ. ಡಾಕ್ಟರ ಹತ್ತಿರ ಹೋದಾಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ. ಐದು ನಿಮಿಷದ ಕೆಲಸ. ಗಡಿಬಿಡಿಯ ಒಪಿಡಿಯಲ್ಲಿ ತಪ್ಪಿಹೋಗುವುದು ಇಂಥದ್ದೇ.

ನಾನೂ ಇಲ್ಲಿ ಎಡವಿದ್ದೇನೆ. ಹಿಂದೊಮ್ಮೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಮೊದಲ ದಿನದಿಂದಲೇ ಪ್ರಿಗಾಬಾಲಿನ್ 75 ಮಿಲಿಗ್ರಾಂ ಎರಡು ಹೊತ್ತು ಬರೆದೆ. ಕ್ರಿಯಾಟಿನಿನ್ ನೋಡದೆ. ನಾಲ್ಕನೇ ದಿನ ಬೆಳಿಗ್ಗೆ ಅಂಗಳದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದರು. "ನೋವು ಕಡಿಮೆ ಆಯ್ತು ಡಾಕ್ಟ್ರೇ, ಆದರೆ ನೆಲ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ" ಅಂದರು. ಅವತ್ತಿನಿಂದ ವಯಸ್ಸಾದವರಿಗೆ ಸಣ್ಣ ಡೋಸ್, ರಾತ್ರಿ ಒಂದೇ ಹೊತ್ತು, ಮತ್ತು ಮೊದಲು ರಕ್ತ ಪರೀಕ್ಷೆ.

ಹಾಗಂತ ಪ್ರಿಗಾಬಾಲಿನ್-ನಾರ್ಟ್ರಿಪ್ಟಿಲಿನ್ ಬೇಡದ ಮಾತ್ರೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಪಾದ ಉರಿ ಅಂದಿರಲ್ಲ, ಅದು ಬಹುಶಃ ಶುಗರ್‌ನಿಂದ ನರ ಕೆಟ್ಟ ನೋವು. ಮೊಣಕಾಲಿನ ನೋವಿಗೂ ಇದಕ್ಕೂ ಸಂಬಂಧ ಇಲ್ಲ. ಅಸಿಕ್ಲೋಫೆನಾಕ್ ಎಷ್ಟು ನುಂಗಿದರೂ ನರದ ಉರಿ ತಗ್ಗುವುದಿಲ್ಲ. ನರಕ್ಕೆ ಪ್ರಿಗಾಬಾಲಿನ್, ನಾರ್ಟ್ರಿಪ್ಟಿಲಿನ್ ಜಾತಿಯ ಮಾತ್ರೆಗಳೇ ಬೇಕು. ನಾರ್ಟ್ರಿಪ್ಟಿಲಿನ್ ಹೆಸರನ್ನು ಮೊಬೈಲಿನಲ್ಲಿ ಹುಡುಕಿ "ನನಗೆ ತಲೆ ಸರಿ ಇಲ್ಲ ಅಂತ ಖಿನ್ನತೆಯ ಮಾತ್ರೆ ಕೊಟ್ಟಿದ್ದಾರೆ" ಅಂತ ಸಿಟ್ಟಾಗಿ ಬಂದವರಿದ್ದಾರೆ. ಖಿನ್ನತೆಗೆ ಕೊಡುವ ಡೋಸ್ ದೊಡ್ಡದು. ನರನೋವಿಗೆ 10 ಮಿಲಿಗ್ರಾಂನಿಂದ ಶುರು ಮಾಡುತ್ತೇವೆ. ಬಾಯಿ ಒಣಗುವುದು, ಮಲಬದ್ಧತೆ ಇದ್ದರೆ ಹೇಳಬೇಕು. ಬಿ12 ನೋಡಿಸಿ ಅಂದದ್ದು ಕೂಡ ಇದಕ್ಕೇ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಇಳಿಯಬಹುದು, ಮೀನು ತಿನ್ನುವವರಲ್ಲೂ. ಅದರಿಂದಲೂ ಪಾದ ಉರಿಯುತ್ತದೆ. ಕಡಿಮೆ ಇದ್ದರೆ ಬಿ12 ಕೊಟ್ಟೇ ಸರಿಮಾಡಬಹುದು. ಸರಿಯಾಗಿದ್ದರೆ ಬಿ12 ಮಾತ್ರೆ ಸುಮ್ನೆ ಖರ್ಚು.

ಇನ್ನು ಪ್ಯಾರಾಸಿಟಮಾಲ್. ಒಂದು ಲೆಕ್ಕ ಮಾಡೋಣ. ಅಸಿಕ್ಲೋಫೆನಾಕ್ ಜೊತೆಗೆ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಎರಡು ಹೊತ್ತಿಗೆ 650. ಟ್ರಮಡಾಲ್ ಜೊತೆಗೂ 325, ಎರಡು ಹೊತ್ತಿಗೆ 650. ಡೋಲೋ 650 ಕೂಡ ಪ್ಯಾರಾಸಿಟಮಾಲೇ, ನೋವು ಜಾಸ್ತಿ ಇದ್ದ ದಿನ ಮೂರು ತಿಂದರೆ 1950. ಒಟ್ಟು 3250. ದೊಡ್ಡವರಿಗೆ ದಿನಕ್ಕೆ 4000 ದಾಟಬಾರದು ಅನ್ನುತ್ತಾರೆ. ಸಣಕಲು ಮೈಯ, ವಯಸ್ಸಾದ ಹೆಂಗಸಿಗೆ ನಾನು 3000ಕ್ಕೆ ಗೆರೆ ಎಳೆಯುತ್ತೇನೆ. ಅಂಥ ದಿನ ನಿಮ್ಮ ಅಮ್ಮ ಗೊತ್ತಿಲ್ಲದೆಯೇ ಆ ಗೆರೆ ದಾಟುತ್ತಾರೆ. ಶೀತಕ್ಕೆ ಅಂತ ಇನ್ನೊಂದು ಮಾತ್ರೆ ತಂದರೆ ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಕಿಡ್ನಿಗೆ ಅಸಿಕ್ಲೋಫೆನಾಕ್ ಹೇಗೋ, ಲಿವರ್‌ಗೆ ಮಿತಿಮೀರಿದ ಪ್ಯಾರಾಸಿಟಮಾಲ್ ಹಾಗೆ. ಮಿತಿಯೊಳಗೆ ಇದ್ದರೆ ಇವೆಲ್ಲದರಲ್ಲಿ ಸಾಧು ಮಾತ್ರೆ ಅದೇ. ಆದರೆ ಸವೆದ ಮೊಣಕಾಲಿಗೆ ಅದರ ಬಲ ಅಷ್ಟಕ್ಕಷ್ಟೇ, ಅದನ್ನೂ ಹೇಳಿಬಿಡುತ್ತೇನೆ. ಅಸಿಕ್ಲೋಫೆನಾಕ್ ಬಿಟ್ಟ ಮೊದಲ ವಾರ ಡೋಲೋ 650 ದಿನಕ್ಕೆ ಎರಡು ಸಲ, ಹೊತ್ತು ನೋಡಿ ಕೊಡಿ. ಟ್ರಮಡಾಲ್ ಮಾತ್ರೆಯೊಳಗಿನದ್ದು ಸೇರಿಸಿದರೂ 1950 ಆಗುತ್ತದೆ, ಅಷ್ಟೇ. ಲಿವರ್ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಟ್ರಮಡಾಲ್ ಅಫೀಮಿನ ಬಳಗದ ಮಾತ್ರೆ. 2018ರಲ್ಲಿ ಅದನ್ನು ಮಾದಕವಸ್ತು ಕಾನೂನಿನಡಿ ತಂದರು. ಮೆಡಿಕಲ್‌ನವರು ಚೀಟಿ ಕೇಳುವುದು ಅದಕ್ಕೇ, ಕಿರಿಕಿರಿ ಮಾಡಲು ಅಲ್ಲ. ಆಪರೇಷನ್ ಆದ ಮೇಲೆ ನಾಲ್ಕು ದಿನಕ್ಕೆ, ಕ್ಯಾನ್ಸರ್ ನೋವಿಗೆ ಈ ಬಳಗದ ಔಷಧ ಬೇಕೇ ಬೇಕು. ಕ್ಯಾನ್ಸರ್ ಇರುವವರಿಗೆ ಮಾರ್ಫಿನ್ ಕೊಡಲು ಮನೆಯವರು ಹೆದರಿದರೆ ನನಗೆ ಸಂಕಟವಾಗುತ್ತದೆ. ಆದರೆ ವರ್ಷಗಟ್ಟಲೆ ಜೊತೆಗಿರುವ ಮೊಣಕಾಲು ನೋವಿಗೆ ದಿನವೂ ಟ್ರಮಡಾಲ್? ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಮಾತ್ರೆ ಏರುತ್ತದೆ, ನೋವು ಇಳಿಯುವುದಿಲ್ಲ. ನಾರ್ಟ್ರಿಪ್ಟಿಲಿನ್ ಜೊತೆ ಸೇರಿದರೆ ಫಿಟ್ಸ್ ಅಪಾಯವೂ ಏರುತ್ತದೆ. ನಾನಾದರೆ ಅಸಿಕ್ಲೋಫೆನಾಕ್ ಆದ ಮೇಲೆ ಎರಡನೆಯದಾಗಿ ಇದನ್ನು ಇಳಿಸುತ್ತೇನೆ. ಮೊದಲು ಎರಡರಿಂದ ಒಂದು, ಕೆಲವು ವಾರ ಬಿಟ್ಟು ಸೊನ್ನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಏನಾಯಿತು, ಯಾವುದರಿಂದ ಆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾತ್ರೆ ತಿಂದರೂ ನೋವು ಯಾಕೆ ಇದ್ದಲ್ಲೇ ಇದೆ? ಮೂರು ತಿಂಗಳು ದಾಟಿದ ನೋವು ಹೊಸ ನೋವಿನ ಹಾಗಲ್ಲ. ತೋಟ ಕಾಯುವ ನಾಯಿ ಒಮ್ಮೆ ಕಳ್ಳನನ್ನು ಕಂಡ ಮೇಲೆ ತೆಂಗಿನ ಮಡಲು ಬಿದ್ದರೂ ಬೊಗಳುತ್ತದೆ ನೋಡಿ, ನರವ್ಯೂಹವೂ ಹಾಗೇ ಆಗುತ್ತದೆ. ಬೊಗಳುವುದು ಸುಳ್ಳಲ್ಲ, ಕಿವಿಗೆ ಕೇಳುತ್ತಿದೆ. ಆದರೆ ಪ್ರತಿ ಸಲವೂ ಕಳ್ಳ ಬಂದಿಲ್ಲ. ನಿದ್ದೆ ಕೆಟ್ಟರೆ, ಚಿಂತೆ ಇದ್ದರೆ, ನಡೆಯುವುದು ನಿಂತರೆ ಆ ನಾಯಿ ಇನ್ನೂ ಚುರುಕಾಗುತ್ತದೆ. ಇದಕ್ಕೆ ಮಾತ್ರೆ ಅರ್ಧದಷ್ಟು ಕೆಲಸ ಮಾಡಿದರೆ ದೊಡ್ಡದು. ನೋವಿನಲ್ಲಿ ಮೂರನೇ ಒಂದು ಪಾಲು ತಗ್ಗಿದರೂ ನಾವು ಒಳ್ಳೆಯ ಫಲ ಅನ್ನುತ್ತೇವೆ. "ಪೂರ್ತಿ ಹೋಗುವ ಮಾತ್ರೆ ಕೊಡಿ" ಅಂತ ಕೇಳಿದವರಿಗೆ ಮಾತ್ರೆಯ ಮೇಲೆ ಮಾತ್ರೆ ಬಂದು ಬೀಳುತ್ತದೆ. ನಿಮ್ಮ ಅಮ್ಮನಿಗೆ ಆದದ್ದು ಅದೇ ಅಂತ ನನ್ನ ಅನಿಸಿಕೆ.

ಹಾಗಾದರೆ ಏನು ಕೇಳಬೇಕು? ನಾನು "ನೋವು ಹತ್ತರಲ್ಲಿ ಎಷ್ಟು" ಅಂತ ಕೇಳುವುದನ್ನು ಈಗ ಕಡಿಮೆ ಮಾಡಿದ್ದೇನೆ. "ನೋವು ಇಲ್ಲದಿದ್ದರೆ ಏನು ಮಾಡ್ತಿದ್ರಿ" ಅಂತ ಕೇಳುತ್ತೇನೆ. ಒಬ್ಬ ಯಕ್ಷಗಾನ ಕಲಾವಿದರು ಬಂದಿದ್ದರು. ಮೊಣಕಾಲು ಸವೆದಿತ್ತು, ಕಾಲಿನ ನರವೂ ಸೆಳೆಯುತ್ತಿತ್ತು. ಚೀಟಿಯಲ್ಲಿ "ರಾತ್ರಿ ಮಲಗುವಾಗ ಒಂದು" ಅಂತ ಮಂಪರಿನ ಮಾತ್ರೆ ಬರೆದಿತ್ತು. ಮೇಳದವರಿಗೆ ರಾತ್ರಿ ಎಲ್ಲಿಯ ಮಲಗುವುದು! ಒಂಬತ್ತು ಗಂಟೆಗೆ ನುಂಗಿ, ಹನ್ನೆರಡಕ್ಕೆ ಗೆಜ್ಜೆ ಕಟ್ಟಿ ರಂಗಕ್ಕೆ ಹೋದರೆ ಗಿರ್ಕಿ ಹೊಡೆಯುವುದು ಹೇಗೆ? ಅವರು ಮಾತ್ರೆಯನ್ನೇ ಬಿಟ್ಟಿದ್ದರು. ತಿರುಗಾಟ ಇರುವಷ್ಟು ದಿನ ಅದನ್ನು ಬೆಳಿಗ್ಗೆ ಮಲಗುವ ಮೊದಲು ಮಾಡಿದೆವು. ಪತ್ತನಾಜೆ ಆಗಿ ಮೇಳದ ಆ ವರ್ಷದ ತಿರುಗಾಟ ನಿಂತ ಮೇಲೆ ಮತ್ತೆ ರಾತ್ರಿಗೆ. ಮಾತ್ರೆ ಬದಲಾಗಲಿಲ್ಲ, ಹೊತ್ತು ಬದಲಾಯಿತು. ಅವರಿಗೆ ಬೇಕಾಗಿದ್ದದ್ದು ಒಂದು ಪ್ರಸಂಗ ಮುಗಿಸುವಷ್ಟು ಕಾಲು.

ಅಮ್ಮನ ಹತ್ತಿರವೂ ಇದನ್ನೇ ಕೇಳಿ. ಮನೆಯ ಮಾತು ತುಳುವಾದರೆ ತುಳುವಿನಲ್ಲೇ ಕೇಳಿ. ನೀವು ಅವರ ಪರವಾಗಿ ಉತ್ತರ ಹೇಳಬೇಡಿ. ದೇವಸ್ಥಾನದಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು ಅನ್ನಬಹುದು. ರಾತ್ರಿ ನಾಲ್ಕು ಗಂಟೆ ನಿದ್ದೆ ಬಂದರೆ ಸಾಕು ಅನ್ನಬಹುದು. ಆ ಉತ್ತರವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆದ ದಿನ ಒಂದು ಗೀಟು ಹಾಕಿ. ಆರು ವಾರದ ನಂತರ ಗೀಟು ಎಣಿಸಿದರೆ ಮಾತ್ರೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಗೊತ್ತಾಗುತ್ತದೆ. ಗೀಟು ಹೆಚ್ಚದಿದ್ದರೆ ಆ ಮಾತ್ರೆ ಇರುವುದು ಯಾಕೆ? ಹೊಸ ಮಾತ್ರೆ ಬರೆದಾಗಲೂ "ಇದನ್ನು ಯಾವಾಗ ನಿಲ್ಲಿಸುವುದು" ಅಂತ ಅವತ್ತೇ ಕೇಳಿ. ಡಾಕ್ಟರಿಗೆ ಸಿಟ್ಟು ಬಂದರೆ ಬರಲಿ.

ಮೊಣಕಾಲಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. ಅದೇ ಜಾತಿಯ ಔಷಧವೇ, ಆದರೆ ಮಾತ್ರೆಗೆ ಹೋಲಿಸಿದರೆ ರಕ್ತಕ್ಕೆ ಸೇರುವುದು ಹತ್ತನೇ ಒಂದು ಪಾಲಿಗಿಂತ ಕಡಿಮೆ. ಆದರೂ ಕಿಡ್ನಿಯ ರಿಪೋರ್ಟ್ ಬಂದ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ. ಹುಣಸೆಬೀಜದಷ್ಟು ತೆಗೆದು ಸವರಿದರೆ ಏನೂ ಆಗುವುದಿಲ್ಲ, ಮೊಣಕಾಲಿಗೆಲ್ಲ ತಾಗುವಷ್ಟು ಬೇಕು, ದಿನಕ್ಕೆ ಮೂರು ನಾಲ್ಕು ಸಲ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಸೊಂಟಕ್ಕೆ ಇದರಿಂದ ಅಷ್ಟು ಉಪಯೋಗ ಇಲ್ಲ. ಮೊಣಕಾಲಿಗೆ ಮಾತ್ರೆಗಿಂತ ಹೆಚ್ಚು ದಿನ ನಿಲ್ಲುವುದು ತೊಡೆಯ ಬಲ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಹತ್ತು ಎಣಿಸಿ, ಇಳಿಸುವುದು. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಫಲ ಕಾಣಲು ಒಂದೆರಡು ತಿಂಗಳಾದರೂ ಬೇಕು. ಅಷ್ಟರಲ್ಲಿ ಬಿಟ್ಟುಬಿಡುವವರೇ ಜಾಸ್ತಿ.

ಇನ್ನೊಂದು ಎಚ್ಚರ. ಅಸಿಕ್ಲೋಫೆನಾಕ್ ನಿಂತು ನೋವು ಏರಿದಾಗ ನೆರೆಕರೆಯವರು ಯಾರಾದರೂ ಹೆಸರಿಲ್ಲದ ಪೊಟ್ಟಣ ತಂದುಕೊಡುತ್ತಾರೆ. "ಮೂರು ದಿನದಲ್ಲಿ ಓಡಾಡಿದರು" ಅನ್ನುತ್ತಾರೆ. ಮೂರು ದಿನದಲ್ಲಿ ಓಡಿಸುವ ಪುಡಿಯಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಮುಖ ಊದುತ್ತದೆ, ಶುಗರ್ ಕೈಮೀರುತ್ತದೆ, ಮೂಳೆ ಸವೆಯುತ್ತದೆ. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ಏಕಾಏಕಿ ನಿಲ್ಲಿಸುವುದೂ ಅಪಾಯ, ಪೊಟ್ಟಣವನ್ನೇ ತಂದು ತೋರಿಸಿ. ಕಷಾಯ, ಭಸ್ಮ ಏನಿದ್ದರೂ ಮುಚ್ಚಿಡಬೇಡಿ. ಬೈಯುವುದಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ನಾವೂ ಕುಡಿಯುತ್ತೇವೆ.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ತೀರಾ ಕಡಿಮೆಯಾದರೆ, ಮುಖ-ಕಾಲು ಊದಿ ಉಸಿರು ಕಟ್ಟಿದರೆ, ಕರೆದರೂ ಏಳದಷ್ಟು ಮಂಪರಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸೊಂಟ ನೋವಿನ ಜೊತೆ ಕಾಲು ಸೋತರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೂ ಅಷ್ಟೇ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಆಗಲಿ, ಮಣಿಪಾಲ ಆಗಲಿ, ಹತ್ತಿರದ್ದಕ್ಕೆ.

ಕೊನೆಗೆ ಬೀಡಿಯ ಪ್ರಶ್ನೆ. ನಿಲ್ಲಿಸಿ ಅಂತ ಹೇಳುವುದು ನನಗೆ ಸುಲಭ. ಆದರೆ ಬೀಡಿ ಬ್ರಾಂಚಿನಿಂದ ಬರುವ ಆ ದುಡ್ಡು ಬಹುಶಃ ಅವರು ಯಾರನ್ನೂ ಕೇಳದೆ ಖರ್ಚು ಮಾಡುವ ಒಂದೇ ದುಡ್ಡು. ಬಿಡಬೇಕೋ ಬೇಡವೋ ಅಂತ ಅವರೇ ಹೇಳಲಿ. ಬಿಡುವುದಿಲ್ಲ ಅಂದರೆ ನೆಲದಿಂದ ಎಬ್ಬಿಸಿ. ಬೆನ್ನಿಗೆ ಒರಗು ಇರುವ ಕುರ್ಚಿ, ತಡ್ಪೆ (ಬೀಡಿ ಕಟ್ಟುವ ಮೊರ) ಇಡಲು ಮೊಣಕೈ ಎತ್ತರದ ಒಂದು ಸ್ಟೂಲ್. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರಲಿ. ಮೊದಲ ಎರಡು ವಾರ ಲೆಕ್ಕ ಕಡಿಮೆಯಾಗುತ್ತದೆ, ಕೈಗೆ ಹೊಸ ಎತ್ತರ ಒಗ್ಗಬೇಕಲ್ಲ. ಆ ಎರಡು ವಾರ ಬಾಕಿ ಬೀಡಿಗೆ ನೂಲು ಸುತ್ತಲು ನೀವೂ ಕೂರುತ್ತೀರಾ?